ಏಳು ಓಟು ದೂರಕ್ಕೆ, ಎರಡು ಓಟು ಊರಿಗೆ

(2025ರ ನವೆಂಬರ್ 1ರಂದು ತಾಳವಾಡಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಗಾಜನೂರು ಅಂದ್ರೆ ಅಣ್ಣಾವ್ರ ಊರು ಅಂತ ಬೆಂಗಳೂರಿನವರಿಗೂ ಗೊತ್ತು. ಆದರೆ ಗಾಜನೂರಿನವರು ಯಾವ ಕ್ಷೇತ್ರಕ್ಕೆ ಓಟು ಹಾಕ್ತಾರೆ ಅಂತ ಕೇಳಿದರೆ ಹೇಳುವವರು ಕಡಿಮೆ. ಇವತ್ತು ಹಾಡು, ಭಾಷಣ ಎಲ್ಲ ಆಗಿದೆ. ನಾವು ಸ್ವಲ್ಪ ಲೆಕ್ಕ ಮಾತಾಡ್ತೀವಿ. ಬ್ಯಾಂಕಿನವರಿಗೆ ಬರೋದು ಅದೊಂದೇ.

ಮೊದಲು ದೊಡ್ಡ ಚುನಾವಣೆಗಳು. ಲೋಕಸಭೆಗೆ ನಾವು ನೀಲಗಿರಿ ಕ್ಷೇತ್ರ. 2009ಕ್ಕೆ ಮುಂಚೆ ಗೋಬಿಚೆಟ್ಟಿಪಾಳ್ಯ ಇತ್ತು, ಕ್ಷೇತ್ರ ಮರುವಿಂಗಡಣೆಯಲ್ಲಿ ಅದು ಹೋಯ್ತು. ಈಗ ಊಟಿ, ಕೂನೂರು, ಗೂಡಲೂರು, ಮೆಟ್ಟುಪಾಳ್ಯ, ಅವಿನಾಶಿ, ಭವಾನಿಸಾಗರ, ಈ ಆರು ಸೇರಿ ಒಂದು ಕ್ಷೇತ್ರ. ಇಲ್ಲಿಂದ ಊಟಿಗೆ ಹೋಗಬೇಕಂದ್ರೆ ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ, ಮೆಟ್ಟುಪಾಳ್ಯ ದಾಟಿ, ಮತ್ತೆ ಇನ್ನೊಂದು ಬೆಟ್ಟ ಹತ್ತಬೇಕು. ವಿಧಾನಸಭೆಗೆ ನಾವು ಭವಾನಿಸಾಗರ. 2011ರಲ್ಲಿ ಸಿಪಿಐನ ಪಿ.ಎಲ್. ಸುಂದರಂ, 2016ರಲ್ಲಿ ಅಣ್ಣಾ ಡಿಎಂಕೆಯ ಎಸ್. ಈಶ್ವರನ್, 2021ರಲ್ಲಿ ಅದೇ ಪಕ್ಷದ ಎ. ಬಣ್ಣಾರಿ ಗೆದ್ದರು. ಯಾರ ಮೇಲೂ ನಮ್ಮ ತಕರಾರಿಲ್ಲ. ಆದರೆ ಆ ಕ್ಷೇತ್ರದ ಓಟಿನ ಭಾರ ಇರೋದು ಘಾಟಿಯ ಕೆಳಗೆ. ಮೇಲಿನ ನಾವು ಅದರ ಒಂದು ಮೂಲೆ.

ಕಾಸರಗೋಡಿನವರ ಕಥೆ ಬೇರೆ. 1957ರಲ್ಲಿ ಕೇರಳದ ಮೊದಲ ಚುನಾವಣೆಯಲ್ಲೇ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಅಲ್ಲಿ ಕನ್ನಡದವರ ಸಂಖ್ಯೆಗೆ ಒಂದು ಕ್ಷೇತ್ರ ಸಿಕ್ಕಿತು. 1956ರ ಇದೇ ನವೆಂಬರ್ 1ಕ್ಕೆ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಹೋಯ್ತು, ಪಕ್ಕದ ನಾವು ಮದ್ರಾಸಿನಲ್ಲೇ ಉಳಿದೆವು. ವಿಧಾನಸಭೆಗೆ ಒಬ್ಬರನ್ನು ಕಳಿಸುವಷ್ಟು ಸಂಖ್ಯೆ ನಮ್ಮದಲ್ಲ.

ಹಾಗಾದ್ರೆ ನಮ್ಮ ಓಟಿಗೆ ತೂಕ ಎಲ್ಲಿದೆ? ಪಂಚಾಯತಿಯಲ್ಲಿ. ತಾಳವಾಡಿ, ಹಾಸನೂರು, ತಲಮಲೆ, ತಿಗಣಾರೆ, ಇಗ್ಗಲೂರು ಎಲ್ಲ ಸೇರಿ ನಮ್ಮ ಯೂನಿಯನ್ನಿಗೆ 10 ಗ್ರಾಮ ಪಂಚಾಯತಿ. ಮೆಂಬರು, ಪ್ರೆಸಿಡೆಂಟು, ಯೂನಿಯನ್ ಕೌನ್ಸಿಲರು, ಇವರೆಲ್ಲ ನಮ್ಮ ಬೀದಿಯವರು. ಕನ್ನಡದಲ್ಲೇ ಓಟು ಕೇಳ್ತಾರೆ, ಕನ್ನಡದಲ್ಲೇ ಬೈಸಿಕೊಳ್ತಾರೆ.

ಈಗ ಆ ಪಂಚಾಯತಿಯ ಖಾತೆ ತೆಗೆದು ನೋಡಿ. ತಮಿಳುನಾಡಿನಲ್ಲಿ 1970ರಲ್ಲಿ ಪಂಚಾಯತಿ ಚುನಾವಣೆ ಆಯ್ತು. ಅದಾದ ಮೇಲಿನದು 1986ರಲ್ಲಿ, ಅಂದ್ರೆ 16 ವರ್ಷದ ನಂತರ. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ ಬಂತು, 1994ರಲ್ಲಿ ರಾಜ್ಯದ ಹೊಸ ಪಂಚಾಯತಿ ಕಾಯ್ದೆ ಬಂತು, 1996ರಲ್ಲಿ ಚುನಾವಣೆ ಆಯ್ತು. 2001, 2006, 2011, ಐದೈದು ವರ್ಷಕ್ಕೆ ಸರಿಯಾಗಿ ನಡೀತು. 2016ರಲ್ಲಿ ನಾಮಪತ್ರವೂ ಹಾಕಿದ್ದರು. ಅಧಿಸೂಚನೆ ನಿಯಮದಂತೆ ಇಲ್ಲ ಅಂತ ಅಕ್ಟೋಬರ್ 4ರಂದು ಮದ್ರಾಸ್ ಹೈಕೋರ್ಟು ಅದನ್ನು ರದ್ದು ಮಾಡಿತು. ಮುಂದೆ ಮೂರು ವರ್ಷಕ್ಕೂ ಹೆಚ್ಚು ಕಾಲ ವಿಶೇಷಾಧಿಕಾರಿಗಳ ಆಡಳಿತ. 2019ರ ಡಿಸೆಂಬರಿನಲ್ಲಿ ಕೊನೆಗೂ ಓಟು ಹಾಕಿದೆವು. ನೆನಪಿದೆಯಾ, ಬಣ್ಣ ಬಣ್ಣದ ಚೀಟಿ? ಪ್ರೆಸಿಡೆಂಟಿಗೆ ಗುಲಾಬಿ, ಯೂನಿಯನ್ನಿಗೆ ಹಸಿರು, ಜಿಲ್ಲೆಗೆ ಹಳದಿ. ಆ ಅವಧಿ 2025ರ ಜನವರಿ 5ಕ್ಕೆ ಮುಗೀತು. ಮತ್ತೆ ವಿಶೇಷಾಧಿಕಾರಿಗಳು. ಇವತ್ತಿಗೂ ಅವರೇ.

ಈಗ 35 ವಯಸ್ಸಿನ ನಮ್ಮಂಥವರ ಲೆಕ್ಕ ಕೇಳಿ. ದಿಲ್ಲಿಗೆ ನಾಲ್ಕು ಸಲ ಓಟು ಹಾಕಿದ್ದೀವಿ: 2009, 2014, 2019, 2024. ಚೆನ್ನೈಗೆ ಮೂರು ಸಲ: 2011, 2016, 2021. ನಮ್ಮೂರಿಗೆ ಎರಡೇ ಸಲ: 2011, 2019. ನಮ್ಮ ಓಟು ಎಲ್ಲಿ ಕರಗಿ ಹೋಗ್ತದೋ ಅಲ್ಲಿಗೆ ಏಳು ಸಲ, ಎಲ್ಲಿ ತೂಗ್ತದೋ ಅಲ್ಲಿಗೆ ಎರಡು ಸಲ.

ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿದೆ. ಪಂಚಾಯತಿಯ ಅವಧಿ ಐದು ವರ್ಷ, ಅದು ಮುಗಿಯುವ ಮುಂಚೆಯೇ ಚುನಾವಣೆ ಮುಗಿದಿರಬೇಕು. ಗಡಿಯಾಚೆ ಎಲ್ಲ ಸರಿ ಇದೆ ಅಂತ ಅಂದುಕೋಬೇಡಿ. ಕರ್ನಾಟಕದಲ್ಲಿ ತಾಲೂಕು, ಜಿಲ್ಲಾ ಪಂಚಾಯತಿಗಳಿಗೆ 2016ರ ನಂತರ ಚುನಾವಣೆಯೇ ಆಗಿಲ್ಲ. ಆದರೆ ಅಲ್ಲಿಯವರು ಕಚೇರಿಗೆ ಹೋದರೆ ಕಾಗದ ಕನ್ನಡದಲ್ಲಿರ್ತದೆ. ನಮಗೆ ಹಾಗಲ್ಲ.

ಕೆಲವು ತಿಂಗಳ ಹಿಂದೆ ನಮ್ಮ ಕೌಂಟರಿಗೆ ಒಬ್ಬ ಅಜ್ಜಿ ಬಂದರು. ಹಣ ಕಟ್ಟೋಕಲ್ಲ, ತೆಗೆಯೋಕೂ ಅಲ್ಲ. ಸೆರಗಿನಿಂದ ಮಡಚಿದ ತಮಿಳು ನೋಟಿಸು ತೆಗೆದು, "ಇದೇನು ಬರ್ದವ್ರೆ, ವಸಿ ಓದಪ್ಪ" ಅಂದರು. ಮನೆ ಕಂದಾಯದ್ದು, ಗಾಬರಿ ಬೀಳುವಂಥದ್ದೇನಿರಲಿಲ್ಲ. ಆದರೆ ಮೂರು ದಿನ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲವಂತೆ. "ಮುಂಚೆ ಮೆಂಬರ್ ಮನೆ ಜಗಲಿಗೋಗಿ ಕೇಳ್ತಿದ್ದೆ. ಈಗ ಮೆಂಬರೇ ಇಲ್ವಲ್ಲ ಮಗ" ಅಂದರು.

ಇದನ್ನೇ ನಾವು ಹೇಳಬೇಕಾಗಿರೋದು. ಬೇರೆ ಕಡೆ ಮೆಂಬರ್ ಅಂದ್ರೆ ಬೀದಿದೀಪ, ಚರಂಡಿ, ನಲ್ಲಿ. ನಮ್ಮಲ್ಲಿ ಅದರ ಜೊತೆಗೆ ಅವರೇ ನಮ್ಮ ನಾಲಿಗೆ. ಕಚೇರಿಗೂ ನಮಗೂ ನಡುವೆ ಎರಡೂ ಭಾಷೆ ಬಲ್ಲ ಒಬ್ಬ ಮನುಷ್ಯ. ಆ ಕುರ್ಚಿ ಖಾಲಿಯಾದರೆ ಕಚೇರಿ ಮುಚ್ಚೋದಿಲ್ಲ, ಆದರೆ ಅಜ್ಜಿಯ ಪಾಲಿಗೆ ಬಾಗಿಲು ಮುಚ್ಚಿದ ಹಾಗೇ. ಇದು ತಮಿಳಿನ ಮೇಲಿನ ಸಿಟ್ಟಲ್ಲ. ತಮಿಳು ನಮಗೂ ಬೇಕು, ನಮ್ಮ ಅನ್ನ ಅದರಲ್ಲೂ ಇದೆ. ನಾವು ಕೇಳೋದು ನಮ್ಮ ಕುರ್ಚಿ ತುಂಬಲಿ ಅಂತ ಅಷ್ಟೇ.

ಎರಡು ಕೆಲಸ ನಮ್ಮ ಕೈಯಲ್ಲೇ ಇವೆ. ಒಂದು, ಈ ತಿಂಗಳ 4ರಿಂದ ಡಿಸೆಂಬರ್ 4ರವರೆಗೆ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಗೆ ಮನೆಮನೆಗೆ ನಮೂನೆ ಬರ್ತದೆ. ಪಂಚಾಯತಿಯ ಪಟ್ಟಿ ಮಾಡೋದೂ ವಿಧಾನಸಭೆಯ ಪಟ್ಟಿಯಿಂದಲೇ. ಇಲ್ಲಿ ಹೆಸರು ಬಿಟ್ಟುಹೋದರೆ ಅಲ್ಲೂ ಇರೋದಿಲ್ಲ. ಓದು ಬಲ್ಲ ಹುಡುಗ ಹುಡುಗಿಯರು ಹಾಡಿ, ಕೇರಿ, ತೋಟದ ಮನೆಗಳಿಗೆ ಹೋಗಿ ನಮೂನೆ ತುಂಬಿಸಿಕೊಡಿ.

ಎರಡು, ಗ್ರಾಮಸಭೆ. ಮೆಂಬರ್ ಇರಲಿ ಬಿಡಲಿ, ಗ್ರಾಮಸಭೆ ನಮ್ಮದು, ಪಟ್ಟಿಯಲ್ಲಿ ಹೆಸರಿರುವ ಎಲ್ಲರದ್ದು. ಈಗ ವರ್ಷಕ್ಕೆ ಆರು ಸಭೆ. ಅದರಲ್ಲಿ ಒಂದರ ದಿನ ಯಾವುದು ಗೊತ್ತಾ? ನವೆಂಬರ್ 1. ನಮಗೆ ರಾಜ್ಯೋತ್ಸವ, ತಮಿಳುನಾಡು ಸರಕಾರಕ್ಕೆ 2022ರಿಂದ ಸ್ಥಳೀಯಾಡಳಿತ ದಿನ. ಎರಡೂ ಒಂದೇ ದಿನ ಬಂದಿದೆ. ಬಾವುಟ ಹಾರಿಸಿ ಮನೆಗೆ ಹೋಗೋದು ಬೇಡ. ಯಾವ ದಿನ ಸಭೆ ಕರೆದರೂ ಹೋಗಿ, ಕನ್ನಡದಲ್ಲೇ ಎದ್ದು ಮಾತಾಡಿ, ಬೇಗ ಚುನಾವಣೆ ನಡೆಸಿ ಅಂತ ಠರಾವು ಬರೆಸಿ, ಕೆಳಗೆ ಸಹಿ ಹಾಕಿ.

ಸಹಿ ಕನ್ನಡದಲ್ಲಿರಲಿ. ಬ್ಯಾಂಕಿನಲ್ಲಿ ನಾವು ಅದನ್ನು ಒಪ್ಪಿಕೊಳ್ತೀವಿ, ಅವರೂ ಒಪ್ಪಿಕೊಳ್ಳಲೇಬೇಕು.