ಪಶುಗಳ ಕಂಬಳಿಯ ಶುಚಿತ್ವ ಮತ್ತು ಚರ್ಮದ ಹುಳುಗಳ ನಿವಾರಣೆ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಉಪನ್ಯಾಸ)



ಕುದುರೆಗಾಗಲಿ ಎತ್ತಿಗಾಗಲಿ ಕಜ್ಜಿಯೋ ಹೇನೋ ಹತ್ತಿದಾಗ ಯಜಮಾನನು ಔಷಧವನ್ನು ತಂದು ಹಚ್ಚಿಸುತ್ತಾನೆ. ಎಂಟು ಹತ್ತು ದಿನಗಳಲ್ಲಿ ತುರಿಕೆ ಇಳಿಯುತ್ತದೆ. ತಿಂಗಳು ತುಂಬುವಷ್ಟರಲ್ಲಿ ಅದೇ ಬೆನ್ನಿನ ಮೇಲೆ ಕೂದಲು ಉದುರಿ ಮತ್ತೆ ಹಕ್ಕಳೆ ಕಟ್ಟುತ್ತದೆ. ಆಗ ಯಜಮಾನನು ಔಷಧವನ್ನು ದೂರುತ್ತಾನೆ. ಔಷಧ ಹಚ್ಚಿದ ದಿನವೇ ಸಾಯಂಕಾಲ ಹಳೆಯ ಕಂಬಳಿಯನ್ನು ತೊಳೆಯದೆ ಹಾಗೆಯೇ ಹೊದಿಸಿದ್ದು ಅವನ ನೆನಪಿಗೆ ಬರುವುದಿಲ್ಲ. ಮೈಯನ್ನು ತೊಳೆದು ಕಂಬಳಿಯನ್ನು ಬಿಟ್ಟರೆ, ಕಳ್ಳನನ್ನು ಮುಂಬಾಗಿಲಿನಿಂದ ಅಟ್ಟಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತಾಗುತ್ತದೆ.

ಈ ಉಪದ್ರವವನ್ನು ಉಂಟುಮಾಡುವ ಜೀವಿಗಳ ಸ್ವಭಾವವನ್ನು ಮೊದಲು ತಿಳಿಯತಕ್ಕದ್ದು. ಕಜ್ಜಿಯ ಹುಳು ಕಣ್ಣಿಗೆ ಕಾಣುವುದೇ ಕಷ್ಟ. ಅದರಲ್ಲಿ ಒಂದು ಜಾತಿಯು ಚರ್ಮದೊಳಗೆ ಬಿಲ ತೋಡಿ ಅಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಯು ಎರಡು ಮೂರು ವಾರಗಳೊಳಗೆ ಬಲಿತು ತಾನೂ ಮೊಟ್ಟೆಯಿಡಲು ಸಮರ್ಥವಾಗುತ್ತದೆ. ಹೇನು ತನ್ನ ಸೀರುಗಳನ್ನು ಕೂದಲಿಗೆ ಅಂಟಿಸುತ್ತದೆ. ಅವು ಒಡೆಯಲು ಒಂದರಿಂದ ಮೂರು ವಾರ ಹಿಡಿಯುವುದುಂಟು. ಪಶುವು ಮೈಯುಜ್ಜಿಕೊಂಡಾಗ ಹುಳುವೂ ಹಕ್ಕಳೆಯೂ ಸೀರು ಹತ್ತಿದ ಕೂದಲೂ ಕಂಬಳಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಒಣಗಿದ ಬಿಸಿಲಿನಲ್ಲಿ ಕಜ್ಜಿಹುಳು ಹೆಚ್ಚು ದಿನ ಬದುಕಲಾರದು. ತಂಪಾದ, ತೇವವಾದ ಮೂಲೆಯಲ್ಲಿ ಎರಡು ಮೂರು ವಾರ ಜೀವ ಹಿಡಿದಿರಬಲ್ಲುದು. ಕೊಟ್ಟಿಗೆಯ ಗೂಟಕ್ಕೆ ಒದ್ದೆಯಾಗಿಯೇ ನೇತುಹಾಕಿದ ಕಂಬಳಿಯು ಅದಕ್ಕೆ ಅನುಕೂಲವಾದ ಮನೆ.

ಇದರಿಂದಾಗುವ ನಷ್ಟ ಅಲ್ಪವಾದುದಲ್ಲ. ತುರಿಕೆಯಿರುವ ಪಶುವು ನೆಮ್ಮದಿಯಾಗಿ ಮೇಯದು, ಮಲಗದು. ಮೈ ಬತ್ತುತ್ತದೆ, ಉಜ್ಜಿ ಉಜ್ಜಿ ಆದ ಹುಣ್ಣಿಗೆ ನೊಣ ಮುತ್ತುತ್ತದೆ, ಬಿತ್ತನೆಯ ಹದ ಬಂದಾಗ ಎತ್ತು ನೊಗ ಕೊಡದು. ಪಶುವಿನ ಕಜ್ಜಿಹುಳುಗಳಲ್ಲಿ ಕೆಲವು ಮೈತಿಕ್ಕುವವನ ಕೈಗೂ ಹತ್ತಿ ಕೆಲವು ಕಾಲ ತುರಿಕೆಯನ್ನು ಕೊಡುತ್ತವೆ. ಒಂದೆರಡು ಪಶುಗಳಿರುವ ಮನೆಯಲ್ಲಿ ಹೀಗಾದರೆ, ಸಹಸ್ರಾರು ಕುದುರೆಗಳು ಒಂದೆಡೆ ಸೇರಿದಲ್ಲಿ ಏನಾದೀತೆಂಬುದನ್ನು 1914ರಿಂದ 1918ರವರೆಗಿನ ಮಹಾಯುದ್ಧವು ತೋರಿಸಿತು. ಮೈಸೂರು ಸಂಸ್ಥಾನದ ಅಶ್ವದಳವೂ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದಲ್ಲಿ ಹೋರಾಡಿದ ಆ ಯುದ್ಧದಲ್ಲಿ, ಯೂರೋಪಿನ ರಣರಂಗದ ಕುದುರೆಗಳನ್ನು ಬಹುವಾಗಿ ಪೀಡಿಸಿದ ರೋಗಗಳಲ್ಲಿ ಕಜ್ಜಿಯೂ ಒಂದು.

ಇನ್ನು ಶುಚಿಮಾಡುವ ಕ್ರಮ. ಕಂಬಳಿ, ಜೂಲು, ಗೋಣಿತಾಟು, ಜೀನಿನ ಕೆಳಗಿನ ಮೆತ್ತೆ, ಮೈಯುಜ್ಜುವ ಕುಂಚ, ಇವೆಲ್ಲವನ್ನೂ ಪಶುವಿಗೆ ಔಷಧ ಹಚ್ಚುವ ದಿನವೇ ಹೊರಕ್ಕೆ ತೆಗೆಯಬೇಕು. ಕೊಟ್ಟಿಗೆಯಿಂದ ದೂರದಲ್ಲಿ ಕೋಲಿನಿಂದ ಬಡಿದು, ಉದುರಿದ ಕೂದಲು ಹಕ್ಕಳೆಗಳನ್ನು ಗುಡಿಸಿ ಸುಟ್ಟುಬಿಡಬೇಕು. ಗಾಳಿಗೆ ಬಿಡಬಾರದು.

ಗೋಣಿ ಮತ್ತು ಹತ್ತಿಯ ಬಟ್ಟೆಗಳನ್ನು ಹಂಡೆಯ ನೀರಿನಲ್ಲಿ ಅರ್ಧ ಗಂಟೆ ಕುದಿಸುವುದು ಎಲ್ಲಕ್ಕಿಂತ ಉತ್ತಮ. 50 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಹತ್ತು ನಿಮಿಷವಿದ್ದರೆ ಕಜ್ಜಿಹುಳು ಸಾಯುತ್ತದೆ. ಕುದಿಯುವ ನೀರು ಅದರ ಇಮ್ಮಡಿ ಬಿಸಿಯಾದುದು.

ಉಣ್ಣೆಯ ಕಂಬಳಿಗೆ ಈ ಕ್ರಮ ಸಲ್ಲದು. ಕುದಿಸಿ ಕುಕ್ಕಿದರೆ ಅದು ಕುಗ್ಗಿ ಗಟ್ಟಿಯಾಗುತ್ತದೆ. ನೇಯ್ಗೆಯವರು ಹುಣಸೆ ಬೀಜದ ಗಂಜಿಯನ್ನು ಕೊಟ್ಟಿದ್ದರೆ ಅದೂ ಬಿಟ್ಟುಹೋಗುತ್ತದೆ. ಚೌಳುಮಣ್ಣು, ಸೋಡಾ ಮೊದಲಾದ ಕ್ಷಾರಗಳು ಉಣ್ಣೆಯ ಎಳೆಯನ್ನೇ ತಿನ್ನುತ್ತವೆ. ಆದ್ದರಿಂದ ಉಗುರುಬೆಚ್ಚಗಿನ ನೀರಿಗೆ ಅಂಟುವಾಳದ ನೊರೆಯನ್ನು ಬೆರೆಸಿ ಅದರಲ್ಲಿ ನೆನೆಸಿ, ಹಗುರವಾಗಿ ತುಳಿದು, ಎರಡು ಮೂರು ನೀರಿನಲ್ಲಿ ಜಾಲಿಸಿ, ಹಿಂಡದೆ ನೀರಿಳಿಯಬಿಡತಕ್ಕದ್ದು. ಬಳಿಕ ಹಾಸುಬಂಡೆಯ ಮೇಲೆ ಒಂದೇ ಪದರವಾಗಿ ಹರಡಿ, ಮಧ್ಯಾಹ್ನ ಒಮ್ಮೆ ಮಗುಚಿ, ಮೂರು ದಿನ ಬಿಸಿಲಿಗೆ ಹಾಕಬೇಕು. ಈ ಸೀಮೆಯಲ್ಲಿ ಬಂಡೆಗೂ ಬಿಸಿಲಿಗೂ ಬರವಿಲ್ಲ. ಇವೆರಡೂ ಕಾಸು ಖರ್ಚಿಲ್ಲದ ಔಷಧಗಳು. ಮಡಿಚಿ ಹಾಕಿದರೆ ಮಡಿಕೆಯೊಳಕ್ಕೆ ಶಾಖ ತಲುಪುವುದಿಲ್ಲ. ಚರ್ಮದ ಜೀನು ಪಟ್ಟಿಗಳನ್ನು ಸಾಬೂನಿನ ನೀರಿನಲ್ಲಿ ಒರೆಸಿ, ನೆರಳಿನಲ್ಲಿ ಆರಿಸಿ, ಎಣ್ಣೆ ಸವರುವುದು.

ಹೀಗೆ ಒಣಗಿದ ಕಂಬಳಿಯನ್ನು ಕೂಡಲೆ ಹೊದಿಸದೆ, ಪಶುಗಳ ಸೋಂಕಿಲ್ಲದ ಒಣ ಅಟ್ಟದ ಮೇಲೆ 21 ದಿನ ಇಡುವುದು ಕ್ಷೇಮ. ಆಹಾರವಿಲ್ಲದೆ ಉಳಿದ ಹುಳುವೂ ಆ ಅವಧಿಯಲ್ಲಿ ನಾಶವಾಗುತ್ತದೆ. ಇದಕ್ಕಾಗಿ ಪಶುವೊಂದಕ್ಕೆ ಎರಡು ಹೊದಿಕೆಗಳಿರಬೇಕು. ಎರಡನೆಯದಕ್ಕೆ ಶಕ್ತಿಯಿಲ್ಲದವರು ಹಳೆಯ ಗೋಣಿಗಳನ್ನು ಹೊಲಿದು ಕುದಿಸಿ ಬಳಸಬಹುದು. ಹುಳುಕಡ್ಡಿ ರೋಗಕ್ಕೆ ಮಾತ್ರ ಈ ಕಾಲದ ಲೆಕ್ಕ ಸಾಲದು. ಅದು ಹುಳುವಿನಿಂದಲ್ಲ, ಬೂಷ್ಟಿನಿಂದ ಬರುವ ರೋಗ. ಅದರ ಬೀಜಕಣಗಳು ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಅಂತಹ ಗೋಣಿಯನ್ನು ಸುಡುವುದೇ ಲೇಸು.

ಪಶುವೈದ್ಯರು ಹೇಳಿದ ದಿನಕ್ಕೆ ಎರಡನೆಯ ಬಾರಿ ಔಷಧ ಹಾಕಿಸುವುದನ್ನು ಮರೆಯಬಾರದು. ಮೊದಲ ಸಲ ಸಾಯದ ಮೊಟ್ಟೆಗಳಿಂದ ಹೊರಟ ಮರಿಗಳು ಆಗ ಸಿಕ್ಕುತ್ತವೆ. ಹೊದಿಕೆಯನ್ನೂ ಅದೇ ದಿನ ಮತ್ತೆ ಶುಚಿಮಾಡಬೇಕು. ಉಣುಗು ಕಂಬಳಿಗಿಂತ ಗೋಡೆಯ ಬಿರುಕಿನಲ್ಲಿ ಹೆಚ್ಚಾಗಿ ಮೊಟ್ಟೆಯಿಡುವುದರಿಂದ ಬಿರುಕುಗಳನ್ನು ಮೆತ್ತಿ ಸುಣ್ಣ ಬಳಿಯತಕ್ಕದ್ದು.

ಔಷಧದ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಬೆಳೆಗೆ ಹೊಡೆಯುವ ವಿಷವನ್ನು ಪಶುವಿನ ಮೈಗಾಗಲಿ ಕಂಬಳಿಗಾಗಲಿ ತಾವೇ ಅಂದಾಜಿನಿಂದ ಬಳಸಬಾರದು. ದನಕುರಿಗಳ ಉಣುಗಿಗೆ ಉಪಯೋಗಿಸುವ ಅಮಿಟ್ರಾಜ್ ಎಂಬ ಔಷಧವು ಕುದುರೆಗೆ ಸಲ್ಲದು. ಕರುಳಿನ ಚಲನೆ ಕುಂದಿ ಹೊಟ್ಟೆಶೂಲೆಯಿಂದ ಪ್ರಾಣಾಪಾಯವಾಗಬಹುದು. ಔಷಧದ ನೀರನ್ನು ಕೆರೆಗೆ, ಬಾವಿಯ ಕಟ್ಟೆಗೆ, ಅಥವಾ 1907ರಲ್ಲಿ ಪೂರ್ತಿಯಾದ ವಾಣಿವಿಲಾಸ ಸಾಗರದ ನಾಲೆಗೆ ಚೆಲ್ಲಬಾರದು. ಇಂತಹ ಔಷಧಗಳಲ್ಲಿ ಹಲವು ಮೀನುಗಳಿಗೆ ಕಡುವಿಷ.

ಕಡೆಯದಾಗಿ ಗ್ರಾಮದ ಮುಖಂಡರ ಕರ್ತವ್ಯ. ಮದುವೆಗೆ ಬಂದ ಕುದುರೆಯ ಜೂಲು, ಜಾತ್ರೆಯಿಂದ ಕೊಂಡುತಂದ ಎತ್ತು, ನೆರೆಮನೆಗೆ ಎರವಲು ಕೊಟ್ಟ ಕುಂಚ, ಇವುಗಳಿಂದಲೇ ರೋಗವು ಕೇರಿಯಿಂದ ಕೇರಿಗೆ ಹಬ್ಬುತ್ತದೆ. ಒಬ್ಬನು ಶುಚಿಮಾಡಿ ಹತ್ತು ಜನ ಸುಮ್ಮನಿದ್ದರೆ ಆ ಒಬ್ಬನ ಶ್ರಮವೂ ವ್ಯರ್ಥ. ಊರಿನವರು ಸೇರಿ ಒಂದು ದಿನವನ್ನು ಗೊತ್ತುಮಾಡಿ, ಪಶುವೈದ್ಯರನ್ನು ಮುಂಚಿತವಾಗಿ ಕರೆಸಿ, ಎಲ್ಲ ಮನೆಗಳ ಪಶುಗಳಿಗೂ ಔಷಧ, ಎಲ್ಲ ಹೊದಿಕೆಗಳಿಗೂ ಬಿಸಿನೀರು ಬಿಸಿಲು ಆಗುವಂತೆ ನೋಡಿಕೊಳ್ಳಬೇಕು. ಹಂಡೆಯಿಲ್ಲದ ಬಡವನಿಗೆ ಊರ ಹಂಡೆಯನ್ನು ಕೊಡಿಸಬೇಕು. ಹೊಸದಾಗಿ ಬಂದ ಪಶುವನ್ನು ಮೂರು ವಾರ ಬೇರೆಯಾಗಿ ಕಟ್ಟಿಸಿ, ಅದರ ಕಂಬಳಿಯನ್ನು ಮತ್ತೊಂದರ ಮೇಲೆ ಹಾಕಗೊಡಬಾರದು. ಪ್ರತಿ ಪಶುವಿಗೂ ಅದರದೇ ಕಂಬಳಿ, ಪ್ರತಿ ಕಂಬಳಿಗೂ ಅದರದೇ ಗೂಟ: ಈ ನಿಯಮವನ್ನು ಊರು ಪಾಲಿಸಿದರೆ ಹಚ್ಚಿದ ಔಷಧವು ಫಲಿಸುವುದು, ಮೂಕಪ್ರಾಣಿಯು ಸುಖವಾಗಿ ಮಲಗುವುದು.