ಬಿಸಿಲೊಂದಿದ್ದರೆ ಸಾಕೇ?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬಿಸಿಲಿನಿಂದ ವಿದ್ಯುತ್ತು ತೆಗೆಯುವ ದೊಡ್ಡ ಸ್ಥಾವರಗಳು ನಮ್ಮ ಬಯಲುಸೀಮೆಯಲ್ಲಿ ಎದ್ದಿವೆ. ಅವನ್ನು ಎಲ್ಲಿ ಕಟ್ಟಬೇಕೆಂಬುದು ಇಂಜಿನಿಯರರ ವಿಚಾರ, ನಮಗೇಕೆ ಎಂದು ಕೆಲವರು ಕೇಳಿಯಾರು. ಊರಿನಲ್ಲಿ ಎರಡೆಕರೆ ಹೊಲ ಬಿಟ್ಟು ಬಂದವರೂ, ಹೊಲವೇ ಇಲ್ಲದೆ ಬಂದವರೂ ನಮ್ಮಲ್ಲಿದ್ದಾರೆ. ಆದುದರಿಂದ ಇದು ನಮ್ಮ ವಿಚಾರವೂ ಹೌದು.

ಹೋಟೆಲು ತೆರೆಯುವವನು ಒಳ್ಳೆಯ ಅಡಿಗೆಯವನು ಸಿಕ್ಕಿದನೆಂದು ಕಂಡಲ್ಲಿ ಒಲೆ ಹೂಡುವುದಿಲ್ಲ; ಗಿರಾಕಿ, ನೀರು, ಬಾಡಿಗೆ ಮೂರನ್ನೂ ನೋಡುತ್ತಾನೆ. ಇಲ್ಲಿಯೂ ಹಾಗೆಯೇ. ಬಿಸಿಲು ಬೇಕು, ಆದರೆ ಅದೊಂದೇ ಸಾಲದು. ನೆಲ ಸಮತಟ್ಟಾಗಿರಬೇಕು, ಗುಡ್ಡದ ನೆರಳು ಬೀಳಬಾರದು. ಒಂದು ಮೆಗಾವ್ಯಾಟಿಗೆ ಐದಾರು ಎಕರೆ ಬೇಕಾಗುವುದರಿಂದ ಸಾವಿರಾರು ಎಕರೆ ಒಂದೇ ಕಡೆ ಸಿಗಬೇಕು. ವಿದ್ಯುತ್ತನ್ನು ಒಯ್ಯುವ ದೊಡ್ಡ ತಂತಿ ಹತ್ತಿರವಿರಬೇಕು. ಫಲಕದ ಮೇಲೆ ಧೂಳು ಕೂತರೆ ಉತ್ಪತ್ತಿ ಇಳಿಯುತ್ತದೆ. ಕಾವು ಅತಿಯಾದರೂ ಇಳಿಯುತ್ತದೆ. ಆದ್ದರಿಂದ ಹೆಚ್ಚು ಸುಡುವ ಜಾಗವೇ ಹೆಚ್ಚು ಒಳ್ಳೆಯದೆಂದಲ್ಲ.

ಇಷ್ಟನ್ನೂ ನೋಡಿದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಆ ನೆಲದಿಂದ ಈವರೆಗೆ ಯಾರು ಉಣ್ಣುತ್ತಿದ್ದರು?

ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡೋಣ. ಬರ ಬಿಟ್ಟೂ ಬಿಡದೆ ಕಾಡಿದ ತಾಲೂಕು ಅದು. ಅಲ್ಲಿಯ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸ್ಥಾವರವಿದೆ. 2018ರಲ್ಲಿ ಅದರ ಉದ್ಘಾಟನೆಯಾಯಿತು. ಅಲ್ಲಿ ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಒಡೆತನ ರೈತನಲ್ಲೇ ಉಳಿಯಿತು. ಮಳೆಗಾಗಿ ಮುಗಿಲು ನೋಡುತ್ತಿದ್ದವನಿಗೆ ಇದು ಸಣ್ಣ ಆಸರೆಯಲ್ಲ.

ಆದರೆ ಗೇಣು ನೆಲವೂ ಇಲ್ಲದ ಕೂಲಿಯವರಿಗೆ ಗುತ್ತಿಗೆಯ ಹಣ ಬರಲಿಲ್ಲ. ಕಳೆ ತೆಗೆಯುವ, ಕಡಲೆಕಾಯಿ ಕೀಳುವ ಕೆಲಸ ಹೋಯಿತು. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು. ಆದರೆ ಕಟ್ಟಿ ಮುಗಿದ ಸ್ಥಾವರಕ್ಕೆ ಹೆಚ್ಚು ಕೈಗಳು ಬೇಕಿಲ್ಲ. ಮುಂಬಯಿಯ ಗಿರಣಿಗಳು ಮುಚ್ಚಿದ ಮೇಲೆ ಆ ಜಾಗಕ್ಕೆ ಬಂಗಾರದ ಬೆಲೆ ಬಂತು. ಮಗ್ಗ ನಡೆಸಿದವರ ಪಾಲಿಗೆ ಬಂದುದೆಷ್ಟೆಂದು ಈ ಸಭೆಗೆ ಹೇಳಬೇಕಾಗಿಲ್ಲ.

ನಾವು ಸ್ಥಾವರ ಬೇಡವೆನ್ನುವವರಲ್ಲ. ಕಲ್ಲಿದ್ದಲ ಹೊಗೆಗಿಂತ ಬಿಸಿಲಿನ ವಿದ್ಯುತ್ತು ಲೇಸು. ನಾವು ಕೇಳುವುದಿಷ್ಟೆ: ಜಾಗ ಆರಿಸುವಾಗ ಪಹಣಿಯಲ್ಲಿ ಹೆಸರಿದ್ದವರನ್ನು ಎಣಿಸಿದಂತೆ, ಹೆಸರಿಲ್ಲದೆ ದುಡಿಯುವವರನ್ನೂ ಎಣಿಸಿರಿ; ಸ್ಥಾವರದ ಕೆಲಸದಲ್ಲಿ ಅವರಿಗೆ ಮೊದಲ ಹಕ್ಕು ಕೊಡಿರಿ. ಊರಲ್ಲಿ ಹೊಲವುಳ್ಳ ಬಂಧುಗಳಿಗೊಂದು ಬಿನ್ನಹ: ಗುತ್ತಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿ ಕೇಳಿರಿ. ಎಷ್ಟು ವರ್ಷ, ಎಷ್ಟು ಏರಿಕೆ, ಅವಧಿ ಮುಗಿದಾಗ ಕಂಬ ಕಿತ್ತು ನೆಲವನ್ನು ಉಳುವಂತೆ ಮಾಡಿಕೊಡುವವರು ಯಾರು ಎಂದು ತಿಳಿದ ಮೇಲೆಯೇ ರುಜು ಹಾಕಿರಿ.