ಕಾರ್ಯಾಲಯಕ್ಕೆ ಕೊಟ್ಟ ಸಂಚಕಾರ ಮುಳುಗಿತೆಂದು ತಿಳಿಯಬೇಡಿ

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ಉಳಿತಾಯ, ಸಾಲ ಮರುಪಾವತಿ, ಬ್ಯಾಂಕ್ ಲಿಂಕೇಜ್ ಯಾವುದನ್ನೂ ಮಾತಾಡೋದಿಲ್ಲ. ಲಗ್ನದ ಮಾತು ಆಡೋಣ. ಅದೂ ನಡೆದ ಲಗ್ನ ಅಲ್ಲ, ನಿಂತುಹೋದ ಲಗ್ನ.

ಎರಡು ವರ್ಷದ ಹಿಂದೆ ನಮ್ಮ ಒಂದು ಸಂಘದ ಸದಸ್ಯೆ ಸಂಜೆ ಹೊತ್ತು ಆಫೀಸಿಗೆ ಬಂದರು. ಊರು, ಹೆಸರು ಬೇಡ. ಮಗಳ ಲಗ್ನ ವೈಶಾಖದಲ್ಲಿ ಅಂತ ನಿಶ್ಚಯವಾಗಿತ್ತು. ಸಂಘದಿಂದ 30,000 ರೂಪಾಯಿ ಸಾಲ ತೆಗೆದು ಮಂಗಲ ಕಾರ್ಯಾಲಯ ಹಿಡಿದಿದ್ದರು. ಬಾಡಿಗೆ 45,000. ಅದರಲ್ಲಿ ಅಡ್ವಾನ್ಸ್ ಅಂತ 20,000, ಮೇಲೆ ಡಿಪಾಜಿಟ್ ಅಂತ 10,000 ಕೊಟ್ಟಿದ್ದರು. ಎಲ್ಲ ಆದ ಮೇಲೆ ಗಂಡಿನವರು ಮತ್ತೆ ಎರಡು ತೊಲಿ ಬಂಗಾರ, ಒಂದು ಮೋಟರ್ ಸೈಕಲ್ ಕೇಳಿದರು. ಹುಡುಗಿ, "ಈ ಮನಿಗೆ ನಾ ಹೋಗಂಗಿಲ್ಲ" ಅಂದುಬಿಟ್ಟಳು. ತಾಯಿಗೂ ಅದೇ ಸರಿ ಅನಿಸಿತ್ತು. ಆದರೆ ಮನೆಯ ಹಿರಿಯರು ಹೇಳಿದ್ದೇನು? "ರೊಕ್ಕ ಕೊಟ್ಟಾಗೈತಿ. ಕಾರ್ಯಾಲಯದವ್ರು ವಾಪಸ್ ಕೊಡಂಗಿಲ್ಲ. ಹೆಂಗರ ಮಾಡಿ ಲಗ್ನ ಮುಗಸ್ರಿ."

ಆ ತಾಯಿ ನನ್ನ ಮುಂದೆ ಕೂತು, "ಸಿಸ್ಟರ್, ಮೂವತ್ತು ಸಾವಿರದ ಸಲುವಾಗಿ ಮಗಳನ್ನ ಬಾವಿಗೆ ನೂಕಲೇನ್ರಿ?" ಅಂತ ಕೇಳಿದರು.

ನಾನು ಎಂ.ಎಸ್.ಡಬ್ಲ್ಯೂ. ಓದಿದವಳು, ಈ ಕೆಲಸದಲ್ಲಿ ತಲೆ ಬೆಳ್ಳಗಾಗಿದೆ. ಆದರೂ ಮಗಳನ್ನು ನೂಕಬೇಡಿ ಅಂತ ಹೇಳಲು ಬಂತೇ ಹೊರತು, ರೊಕ್ಕ ಬರುತ್ತದೋ ಇಲ್ಲವೋ ಅನ್ನೋದಕ್ಕೆ ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಇಬ್ಬರೂ ತಾಲೂಕಾ ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿದೆವು. ಅಲ್ಲಿ ತಿಳಿದದ್ದನ್ನೂ, ಆಮೇಲೆ ನಾನು ಓದಿಕೊಂಡದ್ದನ್ನೂ ಈಗ ನಿಮಗೆ ಹೇಳುತ್ತಿದ್ದೇನೆ.

ಮೊದಲನೆಯದಾಗಿ, ಕೊಟ್ಟ ರೊಕ್ಕ ಎಲ್ಲ ಒಂದೇ ಅಲ್ಲ. ಡಿಪಾಜಿಟ್ ಅನ್ನೋದು ಲಗ್ನದ ದಿನ ಕುರ್ಚಿ ಮುರಿದರೆ, ಭಾಂಡೆ ಕಳೆದರೆ, ಕರೆಂಟ್ ಬಿಲ್ ಹೆಚ್ಚಾದರೆ ಅಂತ ಇಟ್ಟುಕೊಳ್ಳುವ ಹಣ. ಲಗ್ನವೇ ಆಗದಿದ್ದಾಗ ಕುರ್ಚಿ ಎಲ್ಲಿ ಮುರಿಯಿತು? ಅದು ಪೂರ್ತಿ ನಿಮ್ಮದೇ. ಅಡ್ವಾನ್ಸ್ ಅಂದರೆ ಬಾಡಿಗೆಯ ಒಂದು ಭಾಗ. ಇದರ ಮೇಲೆಯೇ ಜಗಳ ಬರೋದು. ನಮ್ಮ ಕಡೆ ಹೊಲ ಕೊಳ್ಳುವಾಗ ಕೊಡುವಂತೆ ಇದಕ್ಕೂ ಸಂಚಕಾರ ಅಂತೀವಿ. ಸಂಚಕಾರ ಕೊಟ್ಟು ಹಿಂದೆ ಸರಿದರೆ ಎಲ್ಲ ಹೋಯಿತು ಅನ್ನೋದು ಹಿರಿಯರ ಕಾಲದಿಂದ ಬಂದ ನಂಬಿಕೆ. ಕಾನೂನು ಹಾಗೆ ಸುಮ್ಮನೆ ಒಪ್ಪುವುದಿಲ್ಲ.

ನಾವು ಕಾರ್ಯಾಲಯಕ್ಕೆ ಹೋದಾಗ ಮ್ಯಾನೇಜರ್ ಪಾವತಿ ತಿರುವಿ ತೋರಿಸಿದರು. "ನೋಡ್ರೆವ್ವಾ, ಹಿಂದ ಬರದೈತಿ. ಯಾವುದೇ ಕಾರಣಕ್ಕೂ ಹಣ ವಾಪಸ್ ಕೊಡಂಗಿಲ್ಲ. ಕೆಳಗ ನಿಮ್ಮದಾ ಸಹಿ ಐತಿ." ಸಹಿ ಇದ್ದದ್ದು ನಿಜ. ಬಹಳ ಮಂದಿ ಇಲ್ಲಿಗೇ ಬಾಯಿ ಮುಚ್ಚಿ ಮನೆಗೆ ಬರುತ್ತಾರೆ.

ಆದರೆ 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಬೇರೆ ಮಾತು ಹೇಳುತ್ತದೆ. ಕರಾರು ಮುರಿದವರಿಂದ ಇಷ್ಟು ಹಣ ಹಿಡಿಯುತ್ತೇವೆ ಅಂತ ಬರೆದುಕೊಂಡಿದ್ದರೂ, ಸಿಗೋದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಗರಿಷ್ಠ ಮಿತಿ, ಅಷ್ಟನ್ನೂ ಹಿಡಿಯಲೇಬೇಕು ಅಂತ ಅಲ್ಲ.

ಸರ್ವೋಚ್ಚ ನ್ಯಾಯಾಲಯದ ಎರಡು ಪ್ರಕರಣ ಹೇಳುತ್ತೇನೆ, ಇವು ನನಗೆ ಬಹಳ ಹಿಡಿಸಿದವು. ಮೌಲಾ ಬಕ್ಷ್ ಅನ್ನೋರು ಮಿಲಿಟರಿಗೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಪೂರೈಸಲು ಒಪ್ಪಿಕೊಂಡಿದ್ದರು. ಆಲೂಗಡ್ಡೆಗೆ 10,000, ಕೋಳಿ-ಮೊಟ್ಟೆಗೆ 8,500 ರೂಪಾಯಿ ಡಿಪಾಜಿಟ್ ಇಟ್ಟಿದ್ದರು. ಸರಿಯಾಗಿ ಪೂರೈಸಲಿಲ್ಲ, ತಪ್ಪು ಅವರದ್ದೇ. ಸರ್ಕಾರ ಡಿಪಾಜಿಟ್ ಮುಟ್ಟುಗೋಲು ಹಾಕಿಕೊಂಡಿತು. 1969ರಲ್ಲಿ ಸರ್ವೋಚ್ಚ ನ್ಯಾಯಾಲಯ ಏನಂತು ಗೊತ್ತೇ? ಆಲೂಗಡ್ಡೆ ಬೇರೆ ಕಡೆ ಎಷ್ಟಕ್ಕೆ ಕೊಂಡಿರಿ, ಎಷ್ಟು ಹೆಚ್ಚು ಖರ್ಚಾಯಿತು, ಅದನ್ನು ತೋರಿಸಬಹುದಿತ್ತು, ತೋರಿಸಿಲ್ಲ, ಹಾಗಾಗಿ ಹಣ ಇಟ್ಟುಕೊಳ್ಳುವ ಹಕ್ಕಿಲ್ಲ ಅಂತು. ಎದುರಿಗಿದ್ದದ್ದು ಭಾರತ ಸರ್ಕಾರ, ನೆನಪಿಡಿ.

ಇನ್ನೊಂದು 2015ರ ಜನವರಿಯದು. ಕೈಲಾಶ್ ನಾಥ್ ಅಸೋಸಿಯೇಟ್ಸ್ ಅನ್ನೋರು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಒಂದು ಪ್ಲಾಟನ್ನು ಹರಾಜಿನಲ್ಲಿ 3.12 ಕೋಟಿಗೆ ಹಿಡಿದು 78 ಲಕ್ಷ ಮುಂಗಡ ಕಟ್ಟಿದ್ದರು. ಉಳಿದ ಹಣ ಕಟ್ಟುವ ವಿಷಯದಲ್ಲಿ ವ್ಯವಹಾರ ಮುರಿಯಿತು. ಪ್ರಾಧಿಕಾರ 78 ಲಕ್ಷವನ್ನು ಹಿಡಿದುಕೊಂಡಿತು. ಆದರೆ ಅದೇ ಪ್ಲಾಟನ್ನು ಆಮೇಲೆ 11.78 ಕೋಟಿಗೆ ಮಾರಿತ್ತು! ಹಾನಿ ಎಲ್ಲಿ ಆಯಿತು? ನ್ಯಾಯಾಲಯ 78 ಲಕ್ಷ ಬಡ್ಡಿ ಸಮೇತ ವಾಪಸ್ ಕೊಡಿಸಿತು.

ಈಗ ಪ್ಲಾಟ್ ಇದ್ದ ಕಡೆ ನಿಮ್ಮ ಲಗ್ನದ ತಾರೀಖು ಇಟ್ಟು ನೋಡಿ. ನೀವು ಬಿಟ್ಟ ತಾರೀಖು ಇನ್ನೊಬ್ಬರಿಗೆ ಅದೇ ಬಾಡಿಗೆಗೆ ಹೋದರೆ ಕಾರ್ಯಾಲಯದವರಿಗೆ ಹಾನಿ ಏನಿದೆ?

ಆದರೆ ಒಂದು ಮಾತು ನೇರವಾಗಿ ಹೇಳಬೇಕು, ನಮ್ಮ ಹೆಣ್ಣುಮಕ್ಕಳು ಅಂತ ಒಂದೇ ಕಡೆ ಮಾತಾಡಬಾರದು. ಲಗ್ನ ನಾಲ್ಕು ದಿನ ಇದೆ ಅನ್ನುವಾಗ ಬೇಡ ಅಂದರೆ ಆ ದಿನ ಕಾರ್ಯಾಲಯ ಖಾಲಿಯೇ ಬೀಳುತ್ತದೆ. ಆ ಹಾನಿ ನಿಜವಾದದ್ದು, ಅವರು ಕಳೆದುಕೊಳ್ಳುವುದು ನ್ಯಾಯ. ವ್ಯವಹಾರ ಗಟ್ಟಿ ಮಾಡಲು ಕೊಟ್ಟ ಸಣ್ಣ ಮೊತ್ತವನ್ನು ಇಟ್ಟುಕೊಳ್ಳಲು ಕೋರ್ಟುಗಳು ಒಪ್ಪಿದ್ದೂ ಉಂಟು. ಹಾಗಾಗಿ ಪೈಸೆ ಪೈಸೆ ಬಂದೇ ಬರುತ್ತದೆ ಅಂತ ನಾನು ಮಾತು ಕೊಡೋದಿಲ್ಲ. ಎಷ್ಟು ಬೇಗ ತಿಳಿಸುತ್ತೀರೋ ಅಷ್ಟು ಹೆಚ್ಚು ಉಳಿಯುತ್ತದೆ. ಬಸವ ಜಯಂತಿ, ಅಕ್ಷಯ ತೃತೀಯದ ಆಸುಪಾಸಿನ ಮುಹೂರ್ತಗಳಿಗೆ ನಮ್ಮ ಕಡೆ ಕಾರ್ಯಾಲಯ ಸಿಗುವುದೇ ಕಷ್ಟ. ಎರಡು ತಿಂಗಳು ಮೊದಲು ಬಿಟ್ಟುಕೊಟ್ಟರೆ ಬೇರೆಯವರು ಬಂದೇ ಬರುತ್ತಾರೆ. ನಾಚಿಕೆಯಿಂದ, "ಬೀಗರು ಮತ್ತೆ ಒಪ್ಪಬಹುದು" ಅನ್ನೋ ಆಸೆಯಿಂದ ದಿನ ತಳ್ಳಬೇಡಿ.

ತಿಳಿಸುವುದು ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ. ಆ ತಾಯಿ ಬರೆದ ಪತ್ರ ಹೀಗಿತ್ತು, ಬೇಕಾದರೆ ಇಳಿಸಿಕೊಳ್ಳಿ:

"ವ್ಯವಸ್ಥಾಪಕರಿಗೆ. ನಾನು ಇಂಥ ತಾರೀಖಿನ ಲಗ್ನಕ್ಕೆ ನಿಮ್ಮ ಕಾರ್ಯಾಲಯವನ್ನು ಗೊತ್ತುಮಾಡಿ, ಇಂಥ ನಂಬರಿನ ಪಾವತಿ ಪ್ರಕಾರ ಅಡ್ವಾನ್ಸ್ 20,000 ಹಾಗೂ ಡಿಪಾಜಿಟ್ 10,000 ರೂಪಾಯಿ ಕೊಟ್ಟಿರುತ್ತೇನೆ. ಲಗ್ನ ರದ್ದಾಗಿರುತ್ತದೆ. ಆ ತಾರೀಖನ್ನು ಇಂದಿನಿಂದಲೇ ಬೇರೆಯವರಿಗೆ ಕೊಡಲು ನನ್ನ ಅಡ್ಡಿ ಇಲ್ಲ. ಡಿಪಾಜಿಟ್ ಪೂರ್ತಿಯಾಗಿ, ಅಡ್ವಾನ್ಸಿನಲ್ಲಿ ನಿಮಗೆ ನಿಜವಾಗಿ ಆದ ಹಾನಿ ಇದ್ದರೆ ಲೆಕ್ಕ ಕೊಟ್ಟು ಕಳೆದು, ಉಳಿದದ್ದನ್ನು 15 ದಿನದೊಳಗೆ ವಾಪಸ್ ಕೊಡಬೇಕಾಗಿ ವಿನಂತಿ."

ಇಷ್ಟೇ. ಕಾರಣ ವಿವರಿಸಬೇಕಿಲ್ಲ, ಮಗಳ ವಿಷಯ ಕಾಗದದಲ್ಲಿ ಬೇಡ. ಒಂದು ಪ್ರತಿ ಝೆರಾಕ್ಸ್ ಇಟ್ಟುಕೊಳ್ಳಿ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸಹಿ, ತಾರೀಖು ಹಾಕಿಸಿ. ಸಹಿ ಮಾಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. (ಮೊದಲಿದ್ದ ರಿಜಿಸ್ಟರ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಸಿದ್ದಾರೆ.) ಪೋಸ್ಟಿನ ಚೀಟಿ ಪಾವತಿಯ ಜೊತೆ ಪಿನ್ನು ಹಾಕಿ ಇಡಿ.

15 ದಿನ ಆಯಿತು, ಉತ್ತರ ಇಲ್ಲ. ತಿಂಗಳಾಯಿತು, ಇಲ್ಲ. ಆಗ ನಡೆದದ್ದು ಕೇಳಿ. ಇನ್ನೊಂದು ಸಂಘದ ಸದಸ್ಯೆ ತಮ್ಮ ತಮ್ಮನ ಮಗನ ಲಗ್ನಪತ್ರಿಕೆ ಹಂಚುತ್ತಾ ಸಭೆಗೆ ಬಂದರು. ಅದೇ ಕಾರ್ಯಾಲಯ, ಅದೇ ತಾರೀಖು! ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಆ ತಾಯಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ತನ್ನ ಮಗಳ ಹೆಸರು ಅಚ್ಚಾಗಬೇಕಿದ್ದ ಜಾಗ ಅಲ್ಲವೇ ಅದು. ಆಮೇಲೆ ಕಣ್ಣು ಒರೆಸಿಕೊಂಡು, "ಸಿಸ್ಟರ್, ಇದರದ್ದೂ ಝೆರಾಕ್ಸ್ ತೆಗಸೂಣ್ರಿ" ಅಂದರು.

ಆ ಝೆರಾಕ್ಸ್ ಇಟ್ಟು ಎರಡನೇ ಪತ್ರ ಹೋಯಿತು. ಇನ್ನು 15 ದಿನದಲ್ಲಿ ಹಣ ಬಾರದಿದ್ದರೆ ವಿಜಯಪುರದ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಅಂತ ಒಂದು ಸಾಲು ಸೇರಿಸಿದ್ದರು. ಒಂಬತ್ತನೇ ದಿನ ಫೋನು ಬಂತು. ಡಿಪಾಜಿಟ್ 10,000 ಪೂರ್ತಿ, ಅಡ್ವಾನ್ಸಿನಲ್ಲಿ 3,000 ಹಿಡಿದು 17,000. ಮೂರು ಸಾವಿರಕ್ಕೆ ಲೆಕ್ಕ ಏನೂ ಕೊಡಲಿಲ್ಲ. ಕೇಳೋಣ ಅಂತ ನಾನಂದೆ, ಅವರೇ "ಸಾಕ್ ಬಿಡ್ರಿ" ಅಂದರು. ನನಗೆ ಇನ್ನೂ ಅದು ಸರಿ ಅನಿಸಿಲ್ಲ. ಆದರೆ ರೊಕ್ಕ ಅವರದು, ನಿರ್ಧಾರವೂ ಅವರದು.

ಫೋನು ಬರದಿದ್ದರೆ? ಮೊದಲು 1915ಕ್ಕೆ ಫೋನ್ ಮಾಡಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಅವರು ರಾಜಿ ಮಾಡಿಸಲು ನೋಡುತ್ತಾರೆ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಆದೇಶ ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗ. ಬಾಡಿಗೆ ಹಣ ತಗೊಂಡು ಕಾರ್ಯಾಲಯ ಕೊಡುವುದು ಸೇವೆ, ಕೊಟ್ಟ ನೀವು ಗ್ರಾಹಕರು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ನಮ್ಮ ಇಂಡಿ, ಸಿಂದಗಿ ಕಡೆಯವರು ಸೊಲ್ಲಾಪುರದಲ್ಲಿ ಕಾರ್ಯಾಲಯ ಹಿಡಿಯುವುದುಂಟು. ಹಳೆಯ 1986ರ ಕಾಯ್ದೆಯಲ್ಲಿ ಎದುರುಗಾರರು ಇರುವ ಕಡೆಗೇ, ಇಲ್ಲವೇ ವ್ಯವಹಾರ ನಡೆದ ಕಡೆಗೇ ಹೋಗಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಸೊಲ್ಲಾಪುರದವರು ವಿಜಯಪುರಕ್ಕೆ ಬರಬೇಕು. ಮಕ್ಕಳಿಗೆ ಕಂಪ್ಯೂಟರ್ ಗೊತ್ತಿದ್ದರೆ ಇ-ಜಾಗೃತಿ ಅನ್ನುವ ಸರ್ಕಾರಿ ಜಾಲತಾಣದಲ್ಲೂ ದೂರು ಹಾಕಬಹುದು.

ವಕೀಲರ ಸಹಾಯ ಬೇಕೆನಿಸಿದರೆ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ತಾಲೂಕಾ ಕೋರ್ಟಿನಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋದಾಗ ವರದಕ್ಷಿಣೆ ಕೇಳಿದ ಮಾತನ್ನೂ ಹೇಳಿ. ಕೊಡುವುದು, ತಗೊಳ್ಳುವುದು ಅಷ್ಟೇ ಅಲ್ಲ, ಕೇಳುವುದೂ 1961ರ ಕಾಯ್ದೆಯಲ್ಲಿ ಅಪರಾಧ.

ಶಾಮಿಯಾನಾ, ಬ್ಯಾಂಡ್, ಅಡುಗೆಯವರು, ಫೋಟೋದವರಿಗೆ ಕೊಟ್ಟ ಮುಂಗಡಕ್ಕೂ ಇದೇ ಲೆಕ್ಕ. ಟ್ರಸ್ಟಿನ ಹಾಲ್ ಇರಲಿ, ನಮ್ಮ ಚರ್ಚಿನ ಹಾಲೇ ಇರಲಿ, ಬಾಡಿಗೆ ಪಡೆದ ಮೇಲೆ ಎಲ್ಲರಿಗೂ ಒಂದೇ.

ಕೊನೆಗೆ ಸಂಘಗಳಿಗೆ ಒಂದು ಕೆಲಸ. ಆ ತಾಯಿಗೆ ಪಾವತಿ ಇತ್ತು, ಅದಕ್ಕೇ ದಾರಿ ಸಿಕ್ಕಿತು. ನಿಮ್ಮಲ್ಲಿ ಎಷ್ಟೋ ಮಂದಿ ಡೈರಿಯ ಹಾಳೆ ಹರಿದು ಬರೆದುಕೊಟ್ಟ ಚೀಟಿಯ ಮೇಲೆ, ಕೆಲವರು ಅದೂ ಇಲ್ಲದೆ ರೊಕ್ಕ ಕೊಟ್ಟಿದ್ದೀರಿ. ಲಗ್ನಕ್ಕೆ ಸಂಘದಿಂದ ಸಾಲ ಕೊಡುವಾಗ ಹಣ ಫೋನ್‌ಪೇ ಅಥವಾ ಚೆಕ್ಕಿನಲ್ಲಿ ಕೊಡಬೇಕು, ಅಡ್ವಾನ್ಸ್ ಎಷ್ಟು, ಡಿಪಾಜಿಟ್ ಎಷ್ಟು ಅಂತ ಬೇರೆ ಬೇರೆ ಬರೆಸಬೇಕು, ರದ್ದಾದರೆ ಎಷ್ಟು ಹಿಡಿಯುತ್ತೀರಿ ಅಂತ ಮೊದಲೇ ಕೇಳಬೇಕು, ಪಾವತಿಯ ಝೆರಾಕ್ಸ್ ಸಂಘದ ಫೈಲಿನಲ್ಲಿ ಇರಬೇಕು. ಇದನ್ನು ಠರಾವು ಪುಸ್ತಕದಲ್ಲಿ ಬರೆದು ಸಹಿ ಮಾಡಿ. ಈ ವರ್ಷ ಯಾರಾದರೂ ಕಾರ್ಯಾಲಯ ಹಿಡಿದಿದ್ದರೆ ಮುಂದಿನ ತಿಂಗಳ ಸಭೆಗೆ ಪಾವತಿ ತಗೊಂಡು ಬನ್ನಿ, ಹಿಂದೆ ಏನು ಬರೆದಿದೆ ಅಂತ ಕೂತು ಓದೋಣ. ಕನ್ನಡಕ ಮರೆಯಬೇಡಿ, ಅಕ್ಷರ ಬಹಳ ಸಣ್ಣ ಇರುತ್ತದೆ.